ಪಾಠ ಹೇಳಿಸಿಕೊಳ್ಳುತ್ತಿದ್ದ ರೈಟರಮ್ಮ

ಬಿಸಿಲಿಗೆ ಹರಡಿದ ಕಾಫಿ ಹಣ್ಣು ಒಣಗುತ್ತ ಬಂದಂತೆ ಒಂದು ವಾಸನೆ ಬಿಡುತ್ತದೆ. ಅದು ಕಾಫಿಯ ವಾಸನೆಯಲ್ಲ. ಬರೀ ಲೋಟದಲ್ಲಿ ಕಾಫಿ ಕಂಡವರಿಗೆ ಅದರ ಪರಿಚಯವೇ ಇರುವುದಿಲ್ಲ. ಕೆಡಲು ಹೊರಟ ಬೆಲ್ಲದ ಪಾಕಕ್ಕೆ ಯಾರೋ ಹುಣಸೆಹಣ್ಣು ಕಿವುಚಿದ ಹಾಗೆ, ಅದರ ಹಿಂದೆ ಸ್ವಲ್ಪ ಒದ್ದೆ ಮರದ ಹಾಗೆ, ಇನ್ನೂ ಹಿಂದೆ ಬಿಸಿಯಾದ ಸಿಮೆಂಟಿನ ಹಾಗೆ ಅದು ಪದರಪದರವಾಗಿ ಬರುತ್ತದೆ. ನಾನು ಈಗಿರುವ ಮೂರ್ನಾಡಿನ ಮನೆಯ ಪಕ್ಕದವರು ಪ್ರತಿವರ್ಷ ತಾರಸಿಯ ಮೇಲೆ ಒಂದಿಷ್ಟು ಹಣ್ಣು ಹರಡುತ್ತಾರೆ. ಆ ವಾಸನೆ ನಮ್ಮ ಕಿಟಕಿಯಿಂದ ಒಳಗೆ ಬರುವ ಹೊತ್ತಿಗೆ ಸರಿಯಾಗಿ ನನ್ನ ಮಗಳು ಕಿವಿಗೆ ತಂತಿ ಸಿಕ್ಕಿಸಿಕೊಂಡು ಫೋನಿನೊಳಗಿನ ಟೀಚರಮ್ಮನ ಮುಂದೆ ಕೂತಿರುತ್ತಾಳೆ. ಅವಳೊಬ್ಬಳ ಅಳತೆಗೇ ಹೊಲಿಸಿದ ಲಂಗದಂಥ ಪಾಠವಂತೆ ಅದು. ಅವಳು ಎಲ್ಲಿ ಎಡವುತ್ತಾಳೆ, ಎಲ್ಲಿ ಓಡುತ್ತಾಳೆ ಎಲ್ಲವನ್ನೂ ಲೆಕ್ಕ ಇಟ್ಟು ಹೇಳಿಕೊಡುತ್ತದೆ. ಚೆನ್ನಾಗಿಯೇ ಹೇಳಿಕೊಡುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೂ ಆ ವಾಸನೆ ಬಂದ ಮಧ್ಯಾಹ್ನ ನಾನು ಒಲೆಯ ಮೇಲಿನ ಹಾಲು ಉಕ್ಕಿಸಿಬಿಡುತ್ತೇನೆ. ನಿಮಗೂ ಹೀಗೆ ಯಾವುದೋ ಒಂದು ವಾಸನೆ ಇರಬಹುದು. ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ಬಿಡಿಸಿ, ಈಗ ಇಲ್ಲದ ಒಂದು ಜಗಲಿಯ ಮೇಲೆ ನಿಮ್ಮನ್ನು ಕೂರಿಸಿಬಿಡುವಂಥದ್ದು.

ನಮ್ಮಪ್ಪ ಹೊಳೆನರಸೀಪುರದ ಕಡೆಯಿಂದ ಕೊಡಗಿಗೆ ಬಂದು ನೆಲ್ಯಹುದಿಕೇರಿಯ ರಸ್ತೆಯಲ್ಲಿ ಹಿಟ್ಟಿನ ಮಿಲ್ಲು ಹಾಕಿದವರು. ಮುಂದೆ ಮಿಲ್ಲು, ಹಿಂದೆ ಮನೆ. ಬೆಳಿಗ್ಗೆ ಬೆಲ್ಟು ತಿರುಗಲು ಶುರುವಾದರೆ ಮನೆಯ ಗೋಡೆ, ಗೋಡೆಗೆ ತೂಗುಹಾಕಿದ ದೇವರ ಪಟ, ತಟ್ಟೆಯಲ್ಲಿಟ್ಟ ಚಮಚ, ಎಲ್ಲವೂ ಸಣ್ಣಗೆ ನಡುಗುತ್ತಿದ್ದವು. ಆ ಸದ್ದಿನೊಳಗೆ ಮಾತಾಡಿ ಮಾತಾಡಿ ನಮ್ಮ ಮನೆಯವರೆಲ್ಲರ ಗಂಟಲೂ ದೊಡ್ಡದಾಗಿಬಿಟ್ಟಿತ್ತು. ಅಪ್ಪ ಒಂದು ಲೋಟ ನೀರು ಕೇಳಿದರೆ ರಸ್ತೆಯಲ್ಲಿ ಹೋಗುವವರು ಜಗಳವೇನೋ ಎಂದು ನಿಂತು ನೋಡುತ್ತಿದ್ದರು. ಅಂಥ ಮನೆಯಲ್ಲಿ ಓದುವುದೆಲ್ಲಿ ಬಂತು? ಐದನೆಯ ತರಗತಿಯಲ್ಲಿ ನನ್ನ ಮಾರ್ಕು ನೋಡಿದ ಅಪ್ಪ ನನ್ನ ಕೈ ಹಿಡಿದು, ಅಂಗಿಯ ಮೇಲಿನ ರಾಗಿ ಹಿಟ್ಟನ್ನೂ ಕೊಡವದೆ, ಹತ್ತಿರದ ಎಸ್ಟೇಟಿನ ಗೇಟು ದಾಟಿ ರೈಟರಮ್ಮನ ಮನೆಗೆ ಕರೆದೊಯ್ದರು.

"ಅಕ್ಕಾ, ಈ ಹುಡ್ಗಿ ತಲೆಗೆ ಒಂದೀಟು ಅಕ್ಷರ ಹೋಗೋ ಹಂಗೆ ಮಾಡಿ!" ಎಂದು ಅಪ್ಪ ಅಂಗಳದಿಂದಲೇ ಕೂಗಿದರು.

"ಮಿಲ್ಲಿನಣ್ಣ, ಮೆಲ್ಲಗೆ. ಕಾವು ಕೂತಿರೋ ಕೋಳಿ ಎದ್ದು ಓಡ್ತದೆ," ಎಂದರು ಒಳಗಿನಿಂದ ಬಂದ ಹೆಂಗಸು.

ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದು ಕೆಲಸ ನೋಡಿಕೊಳ್ಳುವವರನ್ನು ರೈಟರು ಎನ್ನುತ್ತಾರೆ. ಅವರ ಹೆಂಡತಿ ಎಲ್ಲರಿಗೂ ರೈಟರಮ್ಮ. ಅವರಿಗೊಂದು ಸ್ವಂತ ಹೆಸರಿರಬಹುದು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಶನಿವಾರಸಂತೆ ಕಡೆಯವರು, ಹಣೆಯ ತುಂಬ ವಿಭೂತಿ ಇಡುವವರು. ಮಕ್ಕಳಿರಲಿಲ್ಲ. ಎಸ್ಟೇಟು ಕೊಟ್ಟ ಕ್ವಾರ್ಟರ್ಸಿನಲ್ಲಿ ಇದ್ದರು: ಎರಡು ಕೋಣೆ, ಹೊಗೆ ಹಿಡಿದ ಒಂದು ಅಡುಗೆಮನೆ, ಮುಂದೆ ಕೆಂಪು ಸಾರಿಸಿದ ಉದ್ದನೆಯ ಜಗಲಿ. ಜಗಲಿಯ ಎದುರಿಗೇ ಎಸ್ಟೇಟಿನ ಕಾಫಿ ಕಣ. ಕೊಯ್ಲಿನ ಕಾಲದಲ್ಲಿ ಆ ಕಣದ ತುಂಬ ಹಣ್ಣು ಹರಡಿರುತ್ತಿತ್ತು, ಮೊದಲು ಕೆಂಪಗೆ, ಆಮೇಲೆ ಕಂದಾಗಿ, ಕಡೆಗೆ ಮುಟ್ಟಿದರೆ ಗಿಲಕಿಯಂತೆ ಸದ್ದು ಮಾಡುವ ಕಪ್ಪು ಕಾಯಾಗಿ. ಆಳುಗಳು ಮರದ ಹಲ್ಲಿನ ಗೋರಿನಿಂದ ಅದನ್ನು ಕೆದಕುತ್ತ ಆ ಕಡೆಯಿಂದ ಈ ಕಡೆಗೆ ಬರುತ್ತಿದ್ದರು. ಆ ಗೋರಿನ ಗರಗರ, ಬಿಸಿಲಿನ ಜುಮುಜುಮು, ದೂರದಲ್ಲಿ ಕಾವೇರಿ ಹರಿಯುವ ಸದ್ದೋ ಗಾಳಿಯ ಸದ್ದೋ ತಿಳಿಯದ ಒಂದು ಗುಂಯ್‌ಗುಡುವಿಕೆ, ಇವುಗಳ ನಡುವೆ ನಾವು ಓದಿದ್ದು. ಸಂಜೆ ಬೆಳಕಿರುವಾಗಲೇ ರೈಟರು ಮನೆಗೆ ಬಂದು, "ಆನೆ ಇಳಿಯೋ ಹೊತ್ತಾಯ್ತು, ನಡೀರಿ ನಡೀರಿ," ಎಂದು ನಮ್ಮನ್ನು ಗೇಟಿನವರೆಗೆ ಬಿಟ್ಟುಬರುತ್ತಿದ್ದರು.

ಆ ಮನೆಯ ಟ್ಯೂಷನ್ನಿಗೆ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಇತ್ತು. ಅಲ್ಲಿ ರೈಟರಮ್ಮ ಪಾಠ ಹೇಳುತ್ತಿರಲಿಲ್ಲ, ನಾವು ಹೇಳಬೇಕಿತ್ತು. ಅವರು ಜಗಲಿಯ ಕಂಬಕ್ಕೆ ಒರಗಿ, ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿಯದೋ ಹುರುಳಿಯದೋ ಕಲ್ಲು ಆರಿಸುತ್ತಿದ್ದರು, ಇಲ್ಲವೇ ಗೆರೆ ಎನ್ನುವ ಒಣಗಿದ ಕಾಳುಮೆಣಸಿನ ಗೊಂಚಲುಗಳಿಂದ ಕಾಳು ಬಿಡಿಸುತ್ತಿದ್ದರು. ಒಬ್ಬೊಬ್ಬರನ್ನೇ ಮೊರದ ಎದುರಿಗೆ ಕೂರಿಸಿಕೊಂಡು, "ಇವತ್ತು ಶಾಲೇಲಿ ಏನು ಹೇಳಿದ್ರು? ನಂಗೆ ಹೇಳ್ಕೊಡು ನೋಡನ," ಎನ್ನುತ್ತಿದ್ದರು. ಉಳಿದವರು ಅಷ್ಟು ಹೊತ್ತು ತಮ್ಮತಮ್ಮ ಲೆಕ್ಕ, ಕಾಪಿ ಬರೆದುಕೊಳ್ಳಬೇಕು, ಬೇರೆಯವರ ಸರದಿಯಲ್ಲಿ ಬಾಯಿ ಹಾಕಬಾರದು. ಬರುತ್ತಿದ್ದ ಏಳೆಂಟು ಮಕ್ಕಳಲ್ಲಿ ಎಸ್ಟೇಟ್ ಲೈನಿನ, ಎಂದರೆ ಆಳುಗಳ ಸಾಲುಮನೆಯ, ಸೆಲ್ವಿ ಇದ್ದಳು, ಮನೆಯಲ್ಲಿ ತಮಿಳು. ಸೇತುವೆ ಹತ್ತಿರದ ಅಂಗಡಿಯವರ ಮಗ ಅಶ್ರಫ್ ಇದ್ದ, ಮನೆಯಲ್ಲಿ ಮಲಯಾಳ. ಶಾಲೆಯಲ್ಲಿ ಅವರಿಬ್ಬರೂ ಬಾಯಿಯೇ ಬಿಡುತ್ತಿರಲಿಲ್ಲ. ರೈಟರಮ್ಮನ ಎದುರಿಗೆ ಕೂತರೆ ಮೊದಲ ಮಾತೇ, "ಮನೇಲಿ ಅಮ್ಮಂಗೆ ಹೆಂಗೆ ಹೇಳ್ತೀಯೋ ಹಂಗೆ ಹೇಳು." ಸೆಲ್ವಿ ಬೇರು ನೀರು ಕುಡಿಯುವುದನ್ನು, ಎಲೆ ಅನ್ನ ಬೇಯಿಸುವುದನ್ನು ತಮಿಳಿನಲ್ಲಿ ಕೈಬಾಯಿ ಆಡಿಸಿ ಹೇಳುತ್ತಿದ್ದಳು. ಪೂರ್ತಿ ಹೇಳಿ ಮುಗಿಸಿದ ಮೇಲೆ, "ಚೆಂದಾಯ್ತು. ಈಗ ನಂಗೆ ಹೇಳು, ನಂಗೆ ಕನ್ನಡ ಅಲ್ವಾ ಬರೋದು," ಎನ್ನುತ್ತಿದ್ದರು. ಎರಡನೆಯ ಸಲ ಹೇಳುವಾಗ ಅವಳಿಗೆ ಭಯವೇ ಇರುತ್ತಿರಲಿಲ್ಲ, ವಿಷಯ ಆಗಲೇ ಅವಳದಾಗಿಬಿಟ್ಟಿರುತ್ತಿತ್ತು. ಕಾಯುತ್ತ ಕೂತ ನಮಗೆ ಹೀಗೆ ಒಬ್ಬರ ಮನೆಯ ಭಾಷೆ ಇನ್ನೊಬ್ಬರ ಕಿವಿಗೆ ಬಿದ್ದುಬಿದ್ದು, ನಾನು ಇವತ್ತಿಗೂ ಮಗ್ಗಿಯನ್ನು ಮಲಯಾಳದಲ್ಲಿ ಹೇಳಬಲ್ಲೆ.

ಅವರ ಕಿವಿ ಎಂಥ ಕಿವಿ ಎಂದು ಹೇಗೆ ಹೇಳಲಿ. ಕಣ್ಣು ಮೊರದ ಮೇಲೆ, ಬೆರಳು ಕಲ್ಲು ಹುಡುಕುತ್ತ, ಆದರೆ ನಾವು ಹೇಳುವ ಪಾಠದೊಳಗೆ ಎಲ್ಲಾದರೂ ಒಂದು ಸಣ್ಣ ಅನುಮಾನ ಇದ್ದರೆ ತಟಕ್ಕನೆ ಬೆರಳು ನಿಲ್ಲುತ್ತಿತ್ತು. "ಅಲ್ಲೇ ನಿಲ್ಲು. ಹಿಂದಕ್ಕೆ ಹೋಗು. ಆ ಮಾತು ನಂಗೆ ತಿಳೀಲಿಲ್ಲ." ಯಾವ ಮಾತೆಂದರೆ ಸರಿಯಾಗಿ ಅದೇ, ನಾವು ಅರ್ಥವಾಗದೆ ಬಾಯಿಪಾಠ ಮಾಡಿ ಸಾಗಹಾಕಲು ನೋಡಿದ ಮಾತು. ಅಶ್ರಫ್ ಅನುಮಾನ ಬಂದಲ್ಲಿ ಬೇಗಬೇಗ ಹೇಳುತ್ತಿದ್ದ. ಸೆಲ್ವಿಯ ದನಿ ಬಾವಿಗಿಳಿದ ಕೊಡದಂತೆ ಕೆಳಗೆ ಹೋಗುತ್ತಿತ್ತು. ನನ್ನದು ಮಾತ್ರ ಅವರಿಗೆ ಮೊದಮೊದಲು ಹಿಡಿತಕ್ಕೇ ಸಿಗಲಿಲ್ಲ. ಮಿಲ್ಲಿನ ಮನೆಯ ಹುಡುಗಿ, ಎಲ್ಲವನ್ನೂ ಒಂದೇ ಎತ್ತರದಲ್ಲಿ ಕೂಗುವವಳು. ಕೆಲವು ವಾರ ನನ್ನನ್ನು ಸುಮ್ಮನೆ ಕೇಳಿಸಿಕೊಂಡು, ಒಂದು ಸಂಜೆ ನಾನು ಅಕ್ಬರನ ವಿಷಯ ಒದರುತ್ತಿದ್ದಾಗ ಮೊರ ಕೆಳಗಿಟ್ಟು ನಕ್ಕುಬಿಟ್ಟರು. "ಸಾಕು ಮಾರಾಯ್ತಿ, ಕಿರುಚ್ಬೇಡ. ನಿಂಗೆ ಗೊತ್ತಿಲ್ಲ ಅಂತ ಗೊತ್ತಾಯ್ತು. ಗೊತ್ತಿಲ್ಲದಾಗ ನೀನು ಇನ್ನೂ ಜೋರಾಗ್ತೀಯ." ಆವತ್ತಿನಿಂದ ನಾನೂ ಸಿಕ್ಕಿಬಿದ್ದೆ.

ರೈಟರಮ್ಮನಿಗೆ ಎಲ್ಲವೂ ಗೊತ್ತಿದೆ, ನಮ್ಮ ಬಾಯಿ ಬಿಡಿಸಲು ಗೊತ್ತಿಲ್ಲದವರ ಹಾಗೆ ನಟಿಸುತ್ತಾರೆ ಎಂದು ನಾವು ಮೂವರೂ ನಂಬಿದ್ದೆವು. ಎಷ್ಟು ಗಟ್ಟಿಯಾಗಿ ನಂಬಿದ್ದೆವೆಂದರೆ, ದೊಡ್ಡ ಟೀಚರು ಎಂದರೆ ಹೀಗೆಯೇ ಇರಬೇಕೆಂದು ನಮ್ಮ ತಿಳುವಳಿಕೆ. ಶಾಲೆಗೆ ಹೊಸದಾಗಿ ಬಂದ ಒಬ್ಬ ಮೇಷ್ಟ್ರು ಅಶ್ರಫನನ್ನು ಎಬ್ಬಿಸಿ, "ಭಾರತದ ಪಶ್ಚಿಮಕ್ಕೆ ಯಾವ ಸಮುದ್ರ ಇದೆ?" ಎಂದು ಕೇಳಿದಾಗ, ಅವನು ಮುಖದಲ್ಲಿ ಮಮತೆ ತುಂಬಿಕೊಂಡು, "ನಿಮಗೂ ಗೊತ್ತಿಲ್ವಾ ಸಾರ್? ಕೂತ್ಕೊಳ್ಳಿ, ನಾನು ಹೇಳ್ಕೊಡ್ತೇನೆ," ಎಂದ. ಅವನಿಗೆ ಬಿದ್ದ ಏಟಿನ ಸದ್ದು ಪಕ್ಕದ ಕ್ಲಾಸಿಗೂ ಕೇಳಿತು. ಸಂಜೆ ಅದನ್ನು ಹೇಳಿ ಅವನು ಅತ್ತರೆ ರೈಟರಮ್ಮ ಸೆರಗಿನಿಂದ ಅವನ ಮೂಗು ಒರೆಸಿ, ತಾವೂ ಅಳುವವರಂತಾಗಿ, ಮರುಗಳಿಗೆಯೇ ನಗು ತಡೆಯಲಾರದೆ ಒಳಗೆ ಎದ್ದುಹೋಗಿ ಅವನಿಗೊಂದು ಕಿತ್ತಳೆ ತಂದುಕೊಟ್ಟರು. "ಎಲ್ಲಾ ಮೇಷ್ಟ್ರಿಗೂ ಹಂಗನ್ಬಾರ್ದು ಕಣೋ. ಅವ್ರಿಗೆ ಗೊತ್ತಿರ್ತದೆ."

ಅವರ ಆ ಕೊನೆಯ ಮಾತಿನ ಅರ್ಥ ನನಗೆ ಆದದ್ದು ಎಂಟನೆಯ ತರಗತಿಯಲ್ಲಿ. ಆ ಜಗಲಿಯಲ್ಲಿ ಎಲ್ಲರಿಗಿಂತ ಮೇಲಿನ ತರಗತಿ ನನ್ನದು. ಬೀಜಗಣಿತ ಶುರುವಾಗಿತ್ತು. ಎ ಪ್ಲಸ್ ಬಿ ಎಂಬುದರ ವರ್ಗ ಮಾಡಿದರೆ ಏನು ಬರುತ್ತದೆ ಎಂಬ ಪಾಠ. ಎಯ ವರ್ಗ, ಬಿಯ ವರ್ಗ, ಎರಡನ್ನೂ ಕೂಡಿಸಿಬಿಟ್ಟರೆ ಆಯಿತು, ಇದರಲ್ಲೇನಿದೆ ಎಂದು ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಜಗಲಿಯಲ್ಲಿ ಕೂತು ತಣ್ಣಗೆ, ನನ್ನ ಮಟ್ಟಿಗೆ ಪಿಸುಮಾತು ಎನ್ನಬಹುದಾದ ದನಿಯಲ್ಲಿ ಹಾಗೆಯೇ ಹೇಳಿಕೊಟ್ಟೆ. ಅವರ ಬೆರಳು ಎಲ್ಲೂ ನಿಲ್ಲಲಿಲ್ಲ. "ಚೆಂದಾಯ್ತು," ಎಂದರು. ಪರೀಕ್ಷೆಯಲ್ಲಿ ಆ ಪಾಠದ ಒಂದು ಲೆಕ್ಕವೂ ಸರಿಯಾಗಲಿಲ್ಲ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಕಾಗದ ಹಿಡಿದು ನಾನು ಸೀದಾ ಕಣ ದಾಟಿ ಬಂದೆ. ಬೇರೆ ಮಕ್ಕಳು ಯಾರೂ ಇನ್ನೂ ಬಂದಿರಲಿಲ್ಲ.

"ರೈಟರಮ್ಮ, ನಾನು ತಪ್ಪು ಹೇಳಿದ್ದೆ. ನೀವ್ಯಾಕೆ ನಿಲ್ಲಿಸ್ಲಿಲ್ಲ?"

ಅವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಬಹಳ ಸಹಜವಾಗಿ, ಉಪ್ಪು ಮುಗಿದಿದೆ ಎನ್ನುವವರ ಹಾಗೆ, "ತಪ್ಪು ಅಂತ ಹೇಳಕ್ಕೆ ನಂಗೆ ಗೊತ್ತಿದ್ರೆ ತಾನೇ ಮಗ?" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

ಅವರು ಓದಿದ್ದು ನಾಲ್ಕನೆಯ ತರಗತಿಯವರೆಗೆ, ಅದೂ ಪೂರ್ತಿ ಅಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಸೂರ್ಯನನ್ನೂ ಚಂದ್ರನನ್ನೂ ಬರೆದು ಗ್ರಹಣ ಹೇಗಾಗುತ್ತದೆ ಎಂದು ಹೇಳುತ್ತಿದ್ದ ಹೊತ್ತಿನಲ್ಲಿ ಅವರಪ್ಪ ಕಿಟಕಿಯ ಹತ್ತಿರ ಬಂದು ಕರೆದರಂತೆ. ತಾಯಿಗೆ ಹುಷಾರಿಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳಿವೆ, ಬಾ ಎಂದು. "ಭೂಮಿ ಇನ್ನೂ ಬರ್ದಿರ್ಲಿಲ್ಲ ಅವ್ರು. ಭೂಮಿ ಎಲ್ಲಿ ಬರೀತಾರೆ ಅಂತ ನೋಡ್ಕಂಡು ಹೋಗನ ಅಂತ ಬಾಗ್ಲಲ್ಲಿ ಒಂಚೂರು ನಿಂತೆ. ಅಪ್ಪಯ್ಯ ಕೈ ಹಿಡ್ದು ಎಳ್ಕಂಡು ಹೋದ್ರು." ಎಷ್ಟೋ ವರ್ಷದ ಮೇಲೆ, ಮದುವೆಯಾಗಿ ಈ ಕ್ವಾರ್ಟರ್ಸಿಗೆ ಬಂದಾಗ, ಲೈನಿನ ಒಂದು ಹುಡುಗಿ ಮಳೆಗೆ ಜಗಲಿಯಲ್ಲಿ ನಿಂತು ಪಾಠ ಓದುತ್ತಿತ್ತಂತೆ. ನಂಗೂ ಹೇಳು ಎಂದು ಕೇಳಿದರು. ಅದು ಹೇಳಿತು, ಮಾರನೆಯ ದಿನವೂ ಬಂದು ಹೇಳಿತು, ಆ ವರ್ಷ ಅದಕ್ಕೆ ಒಳ್ಳೆಯ ಮಾರ್ಕು ಬಂತು. ಅದರಮ್ಮ ಊರಿಗೆಲ್ಲ ರೈಟರಮ್ಮ ಟ್ಯೂಷನ್ ಹೇಳ್ತಾರೆ ಎಂದು ಸಾರಿಬಿಟ್ಟಳು. "ಅಲ್ಲ ಅನ್ನಕ್ಕೆ ನಂಗೆ ಮನ್ಸು ಬರ್ಲಿಲ್ಲ ಕಣವ್ವ. ಮಕ್ಳು ಬರ್ಲಿ, ಹೇಳ್ಲಿ, ಕೇಳನ ಅನ್ನಿಸ್ತು." ಅಲ್ಲಿಂದ ಇಲ್ಲಿಯವರೆಗೆ ಒಂದೊಂದು ತರಗತಿಯ ಪಾಠವನ್ನೂ ಅವರು ಮೊದಲ ಸಲ ಕೇಳಿಸಿಕೊಂಡದ್ದು ಆ ವರ್ಷದ ಅತಿ ದೊಡ್ಡ ಹುಡುಗನದೋ ಹುಡುಗಿಯದೋ ಬಾಯಿಂದ. ಎಂಟನೆಯದು ಅವರಿಗೆ ಸಿಕ್ಕಿದ್ದು ನನ್ನಿಂದ.

ಆ ಸಂಜೆ ನಾವಿಬ್ಬರೂ ಕಣಕ್ಕಿಳಿದೆವು. ಆಳುಗಳು ಹೋಗಿದ್ದರು. "ಈ ಎ ಅನ್ನೋದು ಒಂದು ಉದ್ದ ತಾನೇ? ಹಂಗಾದ್ರೆ ನೆಲದ ಮೇಲೆ ತೋರ್ಸು," ಎಂದರು. ನಾನು ಗೋರು ಹಿಡಿದು ಒಣಗಿದ ಹಣ್ಣಿನ ಹಾಸಿನಲ್ಲಿ ಗೆರೆ ಎಳೆದೆ. ಒಂದು ದೊಡ್ಡ ಚೌಕ, ಎ. ಅದರ ಮೂಲೆಗೆ ತಾಗಿ ಒಂದು ಚಿಕ್ಕ ಚೌಕ, ಬಿ. ಅವೆರಡನ್ನೂ ಸುತ್ತುವರಿದು ಇನ್ನೂ ದೊಡ್ಡ ಚೌಕ. ರೈಟರಮ್ಮ ಸೀರೆ ಎತ್ತಿಕಟ್ಟಿ ಆ ಗೆರೆಗಳ ನಡುವೆ ನಡೆದಾಡಿ, ಖಾಲಿ ಉಳಿದ ಎರಡು ಪಟ್ಟೆಗಳ ಹತ್ತಿರ ನಿಂತು ಕೇಳಿದರು. "ಇದು ದೊಡ್ಡದು, ಸರಿ. ಅದು ಚಿಕ್ಕದು, ಸರಿ. ಈ ಎರಡು ಪಟ್ಟೆ ಯಾರದ್ದು ಹಂಗಾದ್ರೆ?" ನಾನು ನೋಡಿದೆ. ಎಯಷ್ಟು ಉದ್ದ, ಬಿಯಷ್ಟು ಅಗಲ, ಅಂಥವು ಎರಡು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸೇರಿಸಿದ್ದ ಆ ಟೂ ಎಬಿ ಅಲ್ಲಿ, ಸಂಜೆಬಿಸಿಲಲ್ಲಿ, ಬಿಸಿಬಿಸಿಯಾಗಿ, ಹುಳಿಹುಳಿ ವಾಸನೆ ಬೀರುತ್ತ ಮಲಗಿತ್ತು. ನಾನು ಕೂಗಿದ ಕೂಗಿಗೆ ಸಿಲ್ವರ್ ಓಕ್ ಮರದ ಕಾಗೆಗಳು ಎದ್ದವು. ರೈಟರಮ್ಮ ಎರಡೂ ಕೈ ಬಾಯಿಗೆ ಒತ್ತಿ ನಿಂತುಬಿಟ್ಟಿದ್ದರು. "ನಂಗೂ ತಿಳೀತು ಕಣೇ," ಎಂದರು. "ನಂಗೂ ತಿಳೀತು." ಅವರ ಕಣ್ಣಲ್ಲಿ ನೀರಿತ್ತು.

ಒಂದು ಆಸೆ ಹುಟ್ಟಿದ್ದು ಅಲ್ಲಿ. ನಾನು ಹತ್ತನೆಯ ತರಗತಿಗೆ ಬಂದಾಗ ಅದನ್ನು ಅವರು ಬಾಯಿಬಿಟ್ಟು ಹೇಳಿದರು, ಅದೂ ನನ್ನ ಮುಖ ನೋಡದೆ, ಮೆಣಸಿನ ಗೆರೆ ಬಿಡಿಸುತ್ತ. "ನಿನ್ ಜೊತೆ ನಾನೂ ಪ್ರೈವೇಟಾಗಿ ಪರೀಕ್ಷೆ ಕಟ್ಲಾ? ನಗ್ತಾರೇನೋ." ನಗುವುದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಪರೀಕ್ಷೆ ಕಟ್ಟಿದರೆ ಅವರು ಹತ್ತನೆಯದನ್ನು ಓದಿಲ್ಲವೆಂದು ಊರಿಗೇ ತಿಳಿಯುತ್ತದೆ. ತಿಳಿದರೆ ಯಾರು ಮಕ್ಕಳನ್ನು ಕಳಿಸುತ್ತಾರೆ? ಮಕ್ಕಳು ಬರದ ಜಗಲಿಯಲ್ಲಿ ಅವರು ಹೇಗೆ ಇರುತ್ತಾರೆ? ರೈಟರು ಮಾತ್ರ ಹೆಂಡತಿಯನ್ನು ಚುಡಾಯಿಸುತ್ತಲೇ, "ಕಟ್ಟು ಮಾರಾಯ್ತಿ, ನಪಾಸಾದ್ರೆ ನಾನೇನು ನಿನ್ನ ತೌರಿಗೆ ಕಳ್ಸಲ್ಲ," ಎಂದು ಕುಶಾಲನಗರಕ್ಕೆ ಹೋಗಿ ಅರ್ಜಿ ತಂದರು. ಸುದ್ದಿ ಹಬ್ಬಿತು. ಕೆಲವರು ಮಕ್ಕಳನ್ನು ಬಿಡಿಸಿಕೊಂಡರು. ಅಶ್ರಫನ ತಂದೆ ನಮ್ಮ ಮಿಲ್ಲಿಗೆ ಅಕ್ಕಿ ಹಿಟ್ಟಿಗೆ ಬಂದವರು ಗಡ್ಡ ಕೆರೆದುಕೊಳ್ಳುತ್ತ, "ಅಲ್ಲ ಗೌಡ್ರೆ, ಹಾಗಾದ್ರೆ ಇಷ್ಟು ವರ್ಷ ನಮ್ಮ ಮಕ್ಕಳಿಗೆ ಕಲಿಸಿದ್ದು ಯಾರು?" ಎಂದು ಕೇಳಿದರು. ಅಪ್ಪ ಬೆಲ್ಟಿನ ಸದ್ದಿನ ಮೇಲೆ ಕೂಗಿ ಹೇಳಿದ್ದು ನನಗೆ ಒಳಗೆ ಕೇಳಿಸಿತು. "ಯಾರೂ ಕಲಿಸ್ಲಿಲ್ಲ ಅಂದ್ರೆ ಅವೇ ಕಲ್ತವೆ ಅಂತಾಯ್ತಲ್ಲ ಸಾಹೇಬ್ರೇ! ಅದಕ್ಕಿಂತ ಇನ್ನೇನು ಬೇಕು ನಿಮ್ಗೆ!" ಅಶ್ರಫ್ ಮಾರನೆಯ ದಿನವೂ ಬಂದ. ಸೆಲ್ವಿಯಂತೂ ಬಿಡುವ ಮಾತೇ ಇರಲಿಲ್ಲ.

ಆ ವರ್ಷವನ್ನು ನಾನು ಯಾವುದಕ್ಕೂ ಬದಲಾಯಿಸಿಕೊಳ್ಳಲಾರೆ. ಶಾಲೆಯಲ್ಲಿ ಪಾಠ ಕೇಳುವಾಗಲೇ, ಇದನ್ನು ರೈಟರಮ್ಮನಿಗೆ ಹೇಗೆ ಹೇಳಲಿ ಎಂಬುದೇ ನನ್ನ ತಲೆಯಲ್ಲಿ. ಅವರು ಎಲ್ಲಿ ತಡೆಯುತ್ತಾರೆ, ಏನು ಕೇಳುತ್ತಾರೆ ಎಂದು ನೆನೆದು ನಾನೇ ಮೊದಲು ಮೇಷ್ಟ್ರಿಗೆ ಅದನ್ನು ಕೇಳಿಬಿಡುತ್ತಿದ್ದೆ. ಇಂಗ್ಲಿಷ್ ಒಂದು ಅವರಿಗೆ ನಾಲಿಗೆಗೆ ಹತ್ತಲಿಲ್ಲ. ಪದ್ಯವನ್ನು ಒಲೆಯ ಮುಂದೆ ಗಟ್ಟಿ ಹೊಡೆಯುತ್ತಿದ್ದರೆ ರೈಟರು, "ಸಾರಿಗೆ ಇಂಗ್ಲಿಷ್ ಬಿತ್ತಾ? ಉಪ್ಪಿಲ್ಲ," ಎಂದು ಅಡುಗೆಮನೆಯಿಂದ ಹೊರಗೆ ಓಡುತ್ತಿದ್ದರು. ಆದರೆ ಪರೀಕ್ಷೆ ಹತ್ತಿರ ಬರುವ ಹೊತ್ತಿಗೆ ಎಸ್ಟೇಟು ಕೈ ಬದಲಾಯಿಸಿತು. ಹೊಸ ಮಾಲೀಕರು ತಮ್ಮದೇ ರೈಟರನ್ನು ಕರೆತಂದರು. ಇವರ ಕ್ವಾರ್ಟರ್ಸು ಖಾಲಿಯಾಗಬೇಕಾಯಿತು. ಕಾಫಿ ಇನ್ನೂ ಕಣದಲ್ಲಿದ್ದಾಗಲೇ ಒಂದು ಬೆಳಿಗ್ಗೆ ಅವರ ಪಾತ್ರೆ, ಮಂಚ, ಬುಟ್ಟಿಯೊಳಗಿನ ಕೋಳಿಗಳು ಒಂದು ಜೀಪಿನಲ್ಲಿ ಶನಿವಾರಸಂತೆಗೆ ಹೊರಟವು. ಒಂದು ಮನೆ ಇಷ್ಟು ಸಲೀಸಾಗಿ ಖಾಲಿಯಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಸ್ವಂತದ್ದಲ್ಲದ ಮನೆಗೆ ಬೀಗ ಹಾಕುವ ಕೆಲಸವೂ ಇರುವುದಿಲ್ಲ. ಬಾಗಿಲು ಹಾಗೆಯೇ ತೆರೆದಿತ್ತು. ಸೆಲ್ವಿ ಜಗಲಿಯ ಕಂಬ ತಬ್ಬಿಕೊಂಡು ನಿಂತಿದ್ದಳು. ರೈಟರಮ್ಮ ಜೀಪಿನಿಂದ ಬಗ್ಗಿ ನನಗೆ ಹೇಳಿದ್ದು ಒಂದೇ ಮಾತು. "ಪರೀಕ್ಷೆಗೆ ಬತ್ತೀನಿ. ಗಣಿತ ಪೂರ್ತಿ ಮಾಡ್ಸಿಬಿಡು."

ಬಂದರು. ಪರೀಕ್ಷೆಯ ದಿನಗಳಲ್ಲಿ ನಮ್ಮ ಮನೆಯಲ್ಲೇ ಉಳಿದರು. ಅವರು ಬಂದ ದಿನ ಮಧ್ಯಾಹ್ನ ಏನೋ ಆದಂತಾಯಿತು. ಏನೆಂದು ತಿಳಿಯದೆ ನಾನೂ ಅಮ್ಮನೂ ಮುಖಮುಖ ನೋಡಿಕೊಂಡೆವು. ಬೆಲ್ಟು ನಿಂತಿತ್ತು. ಅಪ್ಪ ಮಿಲ್ಲನ್ನು ನಿಲ್ಲಿಸಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ರಾಗಿ ಹೊತ್ತು ಬಂದವರಿಗೆ, ಜನ್ಮದಲ್ಲಿ ಮೊದಲ ಸಲ, ದನಿ ತಗ್ಗಿಸಿ ಹೇಳುತ್ತಿದ್ದರು. "ರೈಟರಮ್ಮ ಓದ್ತಾವ್ರೆ. ಪರೀಕ್ಷೆ ಮುಗ್ದ ಮ್ಯಾಲೆ ಬನ್ನಿ." "ನಿಮ್ ಮಗಳೂ ಓದ್ತಾಳಲ್ಲ ಗೌಡ್ರೆ?" ಎಂದು ಯಾರೋ ಕೇಳಿದರೆ, "ಅವ್ಳು ಸದ್ದಲ್ಲೇ ಹುಟ್ಟಿದವ್ಳು, ಬುಡಿ," ಎಂದರು. ನಡುಗುವುದನ್ನು ಬಿಟ್ಟ ಆ ಮನೆಯಲ್ಲಿ, ಗೋಡೆಗಳು ಗೋಡೆಗಳಂತೆ ನಿಂತಿದ್ದ ಆ ನಿಶ್ಶಬ್ದದಲ್ಲಿ, ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಓದಿದೆವು. ಅವರ ಹೆಸರು ಶಿವಗಂಗಮ್ಮ ಎಂದು ನಾನು ತಿಳಿದದ್ದು ಹಾಲ್ ಟಿಕೆಟ್ಟಿನಲ್ಲಿ. ಪರೀಕ್ಷೆಯ ಕೋಣೆಗೆ ಹೋಗುವಾಗ ಹುಡುಗರು ಅವರನ್ನು ಯಾರದೋ ಅಮ್ಮ ಎಂದುಕೊಂಡು ದಾರಿ ಬಿಟ್ಟರು. ಗಣಿತದ ದಿನ ಹೊರಗೆ ಬಂದವರ ಎರಡೂ ಕೈಗೆ ಶಾಯಿ, ವಿಭೂತಿಯ ಮೇಲೂ ಶಾಯಿ. "ಎಲ್ಲ ಬರ್ದೆ ಕಣೇ. ಬಿಟ್ಟಿದ್ದು ಒಂದೂ ಇಲ್ಲ," ಎಂದು ರಸ್ತೆಯಲ್ಲೇ ನನ್ನ ಕೆನ್ನೆ ಹಿಡಿದು ಅಲುಗಾಡಿಸಿದರು. ಇಬ್ಬರೂ ಪಾಸಾದೆವು. ಅವರು ಇಂಗ್ಲಿಷಿನಲ್ಲಿ ಅಂಚಿಗೆ ಬಂದು ನಿಂತಿದ್ದರು, ಬಿದ್ದಿರಲಿಲ್ಲ.

ನಾನು ಮಡಿಕೇರಿಯಲ್ಲಿ ಹಾಸ್ಟೆಲು ಸೇರಿ ಸೈನ್ಸು ತೆಗೆದುಕೊಂಡೆ. ಅಲ್ಲಿ ಎಲ್ಲರೂ ಹೇಳುವವರೇ. ಕಾಲೇಜಿನಲ್ಲಿ ಹೇಳುತ್ತಿದ್ದರು, ಸಂಜೆಯ ಟ್ಯೂಷನ್ನಿನಲ್ಲಿ ಹೇಳುತ್ತಿದ್ದರು, ರೂಮಿನ ಗೆಳತಿಯರು ಹೇಳುತ್ತಿದ್ದರು. ಕೇಳುವವರು ಯಾರೂ ಇರಲಿಲ್ಲ. ಭೌತಶಾಸ್ತ್ರದ ಒಂದು ಪಾಠ ಎಷ್ಟು ಓದಿದರೂ ನನ್ನದಾಗದೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಒಂದು ಭಾನುವಾರ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಶನಿವಾರಸಂತೆಯ ಬಸ್ಸು ಹತ್ತಿದೆ. ಅವರಿಗೆ ಹೇಳಿಬಿಟ್ಟರೆ ಬಿಡಿಸಿಕೊಳ್ಳುತ್ತದೆ ಎಂಬ ನಂಬಿಕೆ. ದಾರಿಯುದ್ದಕ್ಕೂ ಹೇಗೆ ಶುರುಮಾಡಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋದೆ.

ಪೇಟೆಯ ಹಿಂದಿನ ಓಣಿಯಲ್ಲಿ ಬಾಡಿಗೆಯ ಮನೆ. ಒಳಗಿನ ಗೋಡೆಗೆ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿದ್ದರು. ಮಕ್ಕಳು ಸಾಲಾಗಿ ಕೂತಿದ್ದವು, ಹಿಂದಿಗಿಂತ ಎಷ್ಟೋ ಹೆಚ್ಚು ಮಕ್ಕಳು. ರೈಟರಮ್ಮ ಕಣ್ಣಿಗೆ ಕನ್ನಡಕ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಮೆಸುಣ್ಣ ಹಿಡಿದು ವೃತ್ತ ಬರೆಯುತ್ತಿದ್ದರು. ನನ್ನನ್ನು ಕಂಡು ಮುಖವೆಲ್ಲ ಅರಳಿ, "ಕೂತ್ಕ ಕೂತ್ಕ, ಇದೊಂದು ಮುಗಿಸ್ಬಿಡ್ತೀನಿ," ಎಂದರು. ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿ ಕೂತೆ. ಅವರು ಹೇಳಿಕೊಟ್ಟರು. ಹೊರಗಿನಿಂದ ಒಂದು ಗೆರೆ ಬಂದು ವೃತ್ತವನ್ನು ಹೇಗೆ ಒಂದೇ ಒಂದು ಕಡೆ ಮುಟ್ಟಿ ಹೊರಟುಹೋಗುತ್ತದೆ ಎಂದು. ಎಷ್ಟು ಸ್ಪಷ್ಟವಾಗಿ, ಎಷ್ಟು ಆಸೆಯಿಂದ ಹೇಳಿದರೆಂದರೆ, ಬೋರ್ಡಿನ ಮೇಲಿನ ಪ್ರತಿ ಅಕ್ಷರವೂ ಅವರಿಗೆ ಮಕ್ಕಳಾಗಿ ಹುಟ್ಟಿದಂತಿತ್ತು. "ಗೊತ್ತಾಯ್ತಾ?" ಎಂದರು. "ಗೊತ್ತಾಯ್ತು ಮಿಸ್," ಎಂದವು ಎಲ್ಲವೂ. ನನ್ನ ಮುಂದೆ ಕೂತ ಸಣ್ಣ ಹುಡುಗಿಯೊಂದರ ದನಿ ಮಾತ್ರ ತೀರಾ ಕೆಳಕ್ಕೆ ಹೋಗಿತ್ತು. ನನಗೆ ಕೇಳಿಸಿತು. ರೈಟರಮ್ಮ ಆಗಲೇ ಮುಂದಿನ ವೃತ್ತಕ್ಕೆ ಬೋರ್ಡು ಒರೆಸುತ್ತಿದ್ದರು.

ಮಕ್ಕಳು ಹೋದ ಮೇಲೆ ಅಕ್ಕಿ ರೊಟ್ಟಿ ತಟ್ಟಿಕೊಟ್ಟರು. ರೈಟರು ಹಾಸನಕ್ಕೆ ಯಾವುದೋ ಮದುವೆಗೆ ಹೋಗಿದ್ದರು. ನಾನು ತಿನ್ನುತ್ತ, ಚೀಲದಿಂದ ಪುಸ್ತಕ ತೆಗೆದು ಮಡಿಲಲ್ಲಿಟ್ಟುಕೊಂಡೆ. ಅವರು ಅದರ ರಟ್ಟು ನೋಡಿ, ಒದ್ದೆ ಕೈ ಹಿಂದಕ್ಕೆ ಎಳೆದುಕೊಂಡರು. "ಅಬ್ಬ, ಪಿಯುಸಿದು. ಅದೆಲ್ಲ ನಂಗೆ ತಿಳಿಯಲ್ಲ ಕಣವ್ವ. ನಾನು ಹತ್ತನೇದರವರೆಗೆ." ಆ ಮಾತನ್ನು ಅವರು ಹೆಮ್ಮೆಯಿಂದ ಹೇಳಿದರು. ಅದರಲ್ಲಿ ಬೇಸರವಿರಲಿಲ್ಲ, ಸಂಕೋಚವಿರಲಿಲ್ಲ. ನಾಲ್ಕನೆಯದನ್ನು ಅರ್ಧಕ್ಕೆ ಬಿಟ್ಟವರಿಗೆ ಲೋಕದಲ್ಲಿ ಎಲ್ಲಿಯೂ ಬೇಲಿ ಇರಲಿಲ್ಲ; ಬೇರಿನಿಂದ ಅಕ್ಬರನವರೆಗೆ ಎಲ್ಲವೂ ಅವರಿಗೆ ಕೇಳತಕ್ಕದ್ದೇ ಆಗಿತ್ತು. ಈಗ ಅವರಿಗೊಂದು ಜಾಗ ಸಿಕ್ಕಿತ್ತು, ತಮ್ಮದೆನ್ನುವ ಜಾಗ, ಯಾರೂ ಖಾಲಿ ಮಾಡಿ ಎನ್ನಲಾಗದ್ದು. ಅದನ್ನು ಅವರು ಎಷ್ಟು ಕಾದು ಪಡೆದಿದ್ದರೆಂದು ನನ್ನಷ್ಟು ಯಾರಿಗೆ ಗೊತ್ತು. ನಾನು ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕಿದ್ದನ್ನು ಅವರು ಗಮನಿಸಲಿಲ್ಲ. "ಬಾ, ನಾಳೆ ಮಕ್ಳಿಗೆ ಹೇಳೋದು ನಿಂಗೆ ಒಂದ್ಸಲ ಹೇಳಿ ನೋಡ್ತೀನಿ," ಎಂದು ಕೈ ಹಿಡಿದು ಬೋರ್ಡಿನ ಹತ್ತಿರ ಕರೆದೊಯ್ದರು. ನನಗೆ ಗೊತ್ತಿದ್ದ ಪಾಠವೇ. ನಾನೇ ಹೇಳಿಕೊಟ್ಟಿದ್ದ ಪಾಠವೇ. ಆದರೂ ಕಾಲು ಮಡಚಿ ಅವರ ಮುಂದೆ ಕೂತೆ. ಹೇಳುತ್ತ ಹೇಳುತ್ತ ಅವರ ಮುಖಕ್ಕೆ ಒಂದು ಬೆಳಕು ಬಂತು. ಅವರು ಅಷ್ಟು ಸುಖವಾಗಿದ್ದುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೊನೆಯ ಬಸ್ಸು ಹೊರಡುವ ಹೊತ್ತಾಗಿತ್ತು. ಹೇಳಿ ಮುಗಿಸುವವರೆಗೂ ನಾನು ಏಳಲಿಲ್ಲ.